ಮುನಿದ ಕೂಸು

ಸುಗ್ಗಿ ಮುಗಿದು ಹೊಲಗಳು ಬರಿದಾದುವೆಂದರೆ ನಮ್ಮ ಉಜ್ಜಿನಿಯ ಸುತ್ತಿನ ಹಳ್ಳಿಗಳಿಂದ ಸಂಸಾರಗಳು ಗುಳೆ ಹೊರಡುತ್ತವೆ. ಕೆಲವರು ಮಂಡ್ಯದ ಕಡೆ ಕಬ್ಬು ಕಡಿಯಲು, ಕೆಲವರು ಮಲೆನಾಡಿನ ಕಾಫಿ ತೋಟಗಳಿಗೆ. ಎಳೆಗೂಸನ್ನು ಕಂಕುಳಲ್ಲಿಟ್ಟುಕೊಂಡೇ ಹೋಗುವವರುಂಟು, ಅಜ್ಜಿಯ ಮಡಿಲಿಗೆ ಹಾಕಿ ಹೋಗುವವರೂ ಉಂಟು. ಮರುಳಸಿದ್ಧೇಶ್ವರನ ಗುಡಿಯ ಶಿಖರಕ್ಕೆ ಎಣ್ಣೆಯೆರೆಯುವ ಜಾತ್ರೆಗೆಂದು ಮರಳಿದ ನೆರೆಮನೆಯ ಹೆಣ್ಣುಮಗಳೊಬ್ಬಳು ಕೈಚಾಚಿದಾಗ, ಎರಡು ತುಂಬದ ಅವಳ ಮಗ ಅಜ್ಜಿಯ ಸೆರಗಿನ ಹಿಂದೆ ಅಡಗಿದ. “ನನ್ನ ಮರ್ತೇಬಿಟ್ಟಾನ ನೋಡ್ರಿ, ಮೇಷ್ಟ್ರೇ” ಎಂದು ಅವಳು ಕಣ್ಣೊರೆಸಿಕೊಂಡಳು.

ಮರೆತಿದ್ದನೇ? ವಾಚಕರೇ, ನಾನು ಹಾಗೆ ಒಪ್ಪಲಾರೆ. ಆಸ್ಪತ್ರೆಯಲ್ಲಿ ಎಂಟು ದಿನ ತಾಯಿಯನ್ನು ಅಗಲಿದ್ದ ಎರಡು ವರ್ಷದ ಹುಡುಗಿಯೊಬ್ಬಳ ಚಲನಚಿತ್ರವನ್ನು ಇಂಗ್ಲೆಂಡಿನ ಜೇಮ್ಸ್ ರಾಬರ್ಟ್‌ಸನ್ ಎಂಬುವರು 1952ರಲ್ಲಿ ಜನರ ಮುಂದಿಟ್ಟರು. ಅವರೂ ಜಾನ್ ಬೋಲ್ಬಿಯವರೂ ಕಂಡ ಕ್ರಮವಿದು: ಅಗಲಿದ ಕೂಸು ಮೊದಲು ಅತ್ತು ರಂಪ ಮಾಡುತ್ತದೆ, ಬಳಿಕ ಮಂಕಾಗುತ್ತದೆ, ಅಗಲಿಕೆ ಬೆಳೆದರೆ, ತಾಯಿ ಬಂದಾಗ ಗುರುತಿಲ್ಲದಂತೆ ಮುಖ ತಿರುಗಿಸುತ್ತದೆ. ನೊಂದ ಪ್ರೀತಿಗೆ ನಮ್ಮಲ್ಲಿ ಮುನಿಸೆಂಬ ಒಳ್ಳೆಯ ಹೆಸರೇ ಇದೆ.

ನಮ್ಮಂಥ ಪಂಡಿತರಿಗೆ ಎಲ್ಲೆಲ್ಲೂ ವ್ಯಾಕರಣವೇ ಕಾಣುತ್ತದೆ, ಕ್ಷಮಿಸಬೇಕು. ಆ ಹುಡುಗನಿಗೆ ‘ನಾನು’ ಎನ್ನಲು ಇನ್ನೂ ಬಾರದು. ‘ಪುಟ್ಟಗೆ ನೀರು’ ಎನ್ನುತ್ತಿದ್ದ. ನಮ್ಮ ವ್ಯಾಕರಣ ‘ಅವನು’ ಎಂಬುದನ್ನು ಪ್ರಥಮಪುರುಷವೆಂದು ಮೊದಲಿಟ್ಟು, ‘ನಾನು’ ಎಂಬ ಉತ್ತಮಪುರುಷವನ್ನು ಕೊನೆಗಿಟ್ಟಿದೆ. ಕೂಸಿನ ನಡೆಯೂ ಅದೇ! ತಿಳಿಯದಂತೆ ಮೂಗಿಗೆ ಕೆಂಪು ಹಚ್ಚಿ ಕನ್ನಡಿಯ ಮುಂದೆ ನಿಲ್ಲಿಸಿದರೆ, ತನ್ನ ಮೂಗನ್ನೇ ಮುಟ್ಟಿಕೊಳ್ಳುವ ಅರಿವು ಸಾಮಾನ್ಯವಾಗಿ ಒಂದೂವರೆ ವರ್ಷ ಕಳೆದ ಮೇಲೆ ಬರುತ್ತದೆ. ತಾಯಿಯ ದನಿಯನ್ನಾದರೋ ಹುಟ್ಟಿ ಎರಡು ಮೂರು ದಿನಗಳಲ್ಲೇ ಬೇರೆಯವರ ದನಿಯಿಂದ ಬಿಡಿಸಿ ಅರಿಯುತ್ತದೆಂದು ಡಿಕ್ಯಾಸ್ಪರ್ ಮತ್ತು ಫೈಫರ್ 1980ರಲ್ಲಿ ತೋರಿಸಿದರು. ತನ್ನ ಗುರುತಿಗೆ ಮುಂಚೆ ಅವ್ವನ ಗುರುತು.

ಗುಳೆ ಹೋದವಳನ್ನು ದೂರಲು ಇದನ್ನು ಹೇಳುತ್ತಿಲ್ಲ. ಹೊಟ್ಟೆಪಾಡಿನ ಮುಂದೆ ಅವಳಿಗೆ ಬೇರೆ ದಾರಿಯೆಲ್ಲಿ? ಆದರೆ ಕೂಸು ಮಲಗಿರುವಾಗ ಕದ್ದು ಹೊರಡುವ ರೂಢಿ ನನಗೆ ಸೇರದು. ಅತ್ತರೂ ಚಿಂತೆಯಿಲ್ಲ, ಹೇಳಿ ಹೋಗಬೇಕು. ಉಟ್ಟ ಸೀರೆಯೊಂದು ತೊಟ್ಟಿಲಲ್ಲಿರಲಿ. ಸಂಜೆಗೊಮ್ಮೆ ಮೊಬೈಲಿನಲ್ಲಿ ಅವ್ವನ ದನಿ ಕೇಳಿಸಲಿ.

ಮಗಳು ಮತ್ತೆ ಕೈಹಿಡಿದೆಳೆಯಹೋದಾಗ ಅಜ್ಜಿ ತಡೆದಳು: “ಎಳೀಬ್ಯಾಡ ಬಿಡವ್ವ, ತಾನಽ ಬರ್ತಾನ.” ನಾಲ್ಕನೆಯ ದಿನ ಸಂಜೆ ನಾನು ಆ ಕಡೆ ಹೋದಾಗ ಹುಡುಗ ಜಗಲಿಯ ಮೇಲೆ ಅವ್ವನ ಬೆನ್ನಿಗೆ ಒರಗಿ ಕುಳಿತು ಮಂಡಕ್ಕಿ ತಿನ್ನುತ್ತಿದ್ದ. ಮುಖ ಮಾತ್ರ ಇನ್ನೂ ಅಜ್ಜಿಯ ಕಡೆಗಿತ್ತು.