ರಾತ್ರಿ ಡ್ಯೂಟಿಯ ಡಾಕ್ಟರು

ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲು ಹೋಬಳಿಯ ಹಳ್ಳಿಯೊಂದರ ಹುಡುಗಿಗೆ ಮೆಡಿಕಲ್ ಸೀಟು ಸಿಕ್ಕಿತೆಂದರೆ ಅದು ಊರಿಗೆಲ್ಲ ಸಂಭ್ರಮ. ‘ಓದು ಮುಗಿಸಿ ನಮ್ಮೂರಲ್ಲೇ ಇರ್ತೀನಿ’ ಎಂದು ಅವಳು ಹೇಳುವುದು ಮನಸ್ಸಿನಿಂದಲೇ. ಆ ಆಸೆ ಮುಂದೆ ಎಲ್ಲಿ ಸವೆದುಹೋಗುತ್ತದೆ?

ಅಮೆರಿಕದ ಜೆಫರ್ಸನ್ ವೈದ್ಯಕೀಯ ಕಾಲೇಜಿನ ಸಂಶೋಧಕರು 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅದರ ಪ್ರಕಾರ ವಿದ್ಯಾರ್ಥಿಗಳ ಅನುಕಂಪ ಎದ್ದುಕಾಣುವಂತೆ ಕುಸಿದದ್ದು ಮೂರನೇ ವರ್ಷದಲ್ಲಿ. ಪುಸ್ತಕ ಬಿಟ್ಟು ರೋಗಿಗಳ ಬಳಿಗೆ ಬರುವ ವರ್ಷದಲ್ಲೇ! ನಮ್ಮ ದೊಡ್ಡಾಸ್ಪತ್ರೆಗಳ ರಾತ್ರಿ ಡ್ಯೂಟಿ ನೋಡಿದರೆ ನಮ್ಮಲ್ಲೂ ಹೀಗೇಕಾಗುತ್ತದೆಂದು ತಿಳಿಯುತ್ತದೆ. ಓದು ಮುಗಿಸಿ ತರಬೇತಿಯಲ್ಲಿರುವ ಹೌಸ್ ಸರ್ಜನ್ ರಕ್ತ ತೆಗೆಯಬೇಕು, ಎಷ್ಟೋ ಸಲ ಸ್ಯಾಂಪಲ್ಲನ್ನು ತಾನೇ ಲ್ಯಾಬಿಗೆ ಒಯ್ಯಬೇಕು, ಕೇಸ್ ಶೀಟ್ ಬರೆಯಬೇಕು, ಬೆಳಗಿನ ರೌಂಡ್ಸಿನಲ್ಲಿ ಎಲ್ಲರೆದುರು ಬೈಸಿಕೊಳ್ಳಲೂಬೇಕು. ಅಷ್ಟರಲ್ಲಿ ಅಜ್ಜಿಯೊಬ್ಬರು ಸೆರಗಿನ ಗಂಟು ಬಿಚ್ಚಿ ಮಾಸಿದ ಚೀಟಿ ಚಾಚಿದರೆ, ‘ಆ ಕಡೆ ಹೋಗಮ್ಮ’ ಎಂಬ ಮಾತು ಬಾಯಿಗೆ ಬಂದುಬಿಡುತ್ತದೆ. ಅದು ಕಲ್ಲುಮನಸ್ಸಲ್ಲ, ನಿದ್ದೆಗೆಟ್ಟ ಮನಸ್ಸು.

ಹಳ್ಳಿಯ ಸೇವೆಯ ಆಸೆ ಉಳಿಸಿಕೊಂಡವರೂ ಇದ್ದಾರೆ. ಬೆಂಗಳೂರಿನಲ್ಲಿ ವೈದ್ಯಕೀಯ ಓದಿದ ಡಾ. ಎಚ್. ಸುದರ್ಶನ್ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿ ಅಲ್ಲಿನ ಗಿರಿಜನರಾದ ಸೋಲಿಗರ ನಡುವೆ ನೆಲೆಸಿ, 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಅಂಥವರನ್ನು ತೋರಿಸಿ ಈಗಿನ ಹುಡುಗರನ್ನು ಜರೆಯುವುದು ನನಗೆ ಸರಿಕಾಣದು. ಕಡ್ಡಾಯ ಗ್ರಾಮೀಣ ಸೇವೆಗೆಂದು ನಮ್ಮ ರಾಜ್ಯ 2012ರ ಕಾಯ್ದೆಯನ್ನೇ ಮಾಡಿತ್ತು. ದಣಿದು ಬಂದವರಿಗೆ ಅಂಥ ಕಡ್ಡಾಯವೂ ಇನ್ನೊಂದು ಹೊರೆಯಾದರೆ ಹಳ್ಳಿಗೇನು ಲಾಭ?

ಪಾಠ ಹೇಳುವ ಹಿರಿಯ ವೈದ್ಯರಲ್ಲಿ ನನ್ನ ಬೇಡಿಕೆ ಇಷ್ಟೇ. ನಾಳೆಯ ರೌಂಡ್ಸಿನಲ್ಲಿ ರೋಗಿಯನ್ನು ಬೆಡ್ ನಂಬರಿನಿಂದಲ್ಲ, ಹೆಸರಿನಿಂದ ಕರೆಯಿರಿ. ರಾತ್ರಿಯೆಲ್ಲ ಎದ್ದಿದ್ದ ಕಿರಿಯರನ್ನು, ‘ತಿಂಡಿ ಆಯ್ತಾ ಮಗು?’ ಎಂದು ಕೇಳಿ.