ನ್ಯಾಯವಾದ ಬೆಲೆಯೂ ಊರಿನ ಸಂಕಲ್ಪವೂ
(ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಒಂದು ಪಟ್ಟಣದ ಜನರು ನ್ಯಾಯವಾದ ವ್ಯಾಪಾರಕ್ಕೆ ಯಾವ ಪರಿಯಲ್ಲಿ ಬೆಂಬಲವಾಗಬಲ್ಲರೆಂಬುದೇ ನನಗೆ ಅಪ್ಪಣೆಯಾದ ವಿಷಯವು. ವ್ಯಾಕರಣ ತರ್ಕಗಳ ಪಾಠ ಹೇಳುವವನಿಗೆ ತಕ್ಕಡಿಯ ಗೊಡವೆಯೇಕೆಂದು ನಮ್ಮ ಪಾಠಶಾಲೆಯಲ್ಲಿಯೇ ಕೆಲವರು ನಕ್ಕರು. ನಗಲಿ. ಈ ಮಂಟಪದ ಮುಂದಿನ ಸಾಲಿನಲ್ಲಿ ಅಡತಿ ಅಂಗಡಿಗಳ ಯಜಮಾನರು ಕುಳಿತಿರುವರು; ಹಿಂದೆ, ಕಂಬಗಳ ಬದಿಯಲ್ಲಿ, ಅವರಿಗೆ ಮಾಲು ತಂದುಹಾಕುವ ರೈತರೂ ನೇಕಾರರೂ ಕುಳಿತಿರುವರು. ಇವರೆಲ್ಲರೂ ಒಂದೇ ಪಂಕ್ತಿಯಲ್ಲಿ ಪ್ರಸಾದ ಸ್ವೀಕರಿಸತಕ್ಕವರು. ಪಂಕ್ತಿಯಿಂದೆದ್ದು ಪೇಟೆಗೆ ಹೋದ ಕೂಡಲೆ ಒಬ್ಬನ ಲಾಭವು ಇನ್ನೊಬ್ಬನ ನಷ್ಟವೇ ಆಗಬೇಕೆ? ಈ ಪ್ರಶ್ನೆಯನ್ನು ಮಠದಲ್ಲಿ ಕೇಳದೆ ಮತ್ತೆಲ್ಲಿ ಕೇಳೋಣ?

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನ್ಯಾಯವ್ಯಾಪಾರವು ದಾನವಲ್ಲ. ದುಡಿದವನಿಗೆ ಬೆಲೆಯಲ್ಲಿ ಹತ್ತು ರೂಪಾಯಿ ಕಡಿಮೆ ಕೊಟ್ಟು, ಜಾತ್ರೆಯಲ್ಲಿ ಅವನಿಗೇ ಎರಡು ರೂಪಾಯಿ ಧರ್ಮ ಮಾಡಿದರೆ, ಕೊಟ್ಟವನ ಹೆಸರು ಕಲ್ಲಿನ ಮೇಲೆ ಕೆತ್ತಲ್ಪಡುವುದೇ ಹೊರತು ಲೆಕ್ಕವು ಸರಿಹೋಗದು. ಕಾಯಕವೆಂಬ ಶಬ್ದವನ್ನು ನಾವು ದುಡಿಯುವವನಿಗೆ ಉಪದೇಶಿಸುವಾಗ ಬಳಸುವುದು ಹೆಚ್ಚು; ಕೊಳ್ಳುವವನಿಗೆ ಅದು ಹೇಳುವುದೇನೆಂದು ವಿಚಾರಿಸುವುದು ಕಡಿಮೆ.

ಈಗ ದೂರದ ಒಂದು ಊರಿನ ವೃತ್ತಾಂತವನ್ನು ಹೇಳುವೆನು. ಇಂಗ್ಲೆಂಡಿನ ಲ್ಯಾಂಕಶೈರ್ ಪ್ರಾಂತದಲ್ಲಿ ಗಾರ್‌ಸ್ಟಾಂಗ್ ಎಂಬುದೊಂದು ಸಂತೆಯ ಊರು. ಜನಸಂಖ್ಯೆ ಕೆಲವೇ ಸಾವಿರ. ಅದಕ್ಕೆ ಸಮೀಪದ ಲ್ಯಾಂಕಾಸ್ಟರ್ ಬಂದರಿನಿಂದ ಹದಿನೆಂಟನೆಯ ಶತಮಾನದಲ್ಲಿ ಆಫ್ರಿಕಾದ ಜನರನ್ನು ಗುಲಾಮರನ್ನಾಗಿ ಸಾಗಿಸುವ ಹಡಗುಗಳು ಹೊರಡುತ್ತಿದ್ದವು. ಆ ಗುಲಾಮರ ದುಡಿಮೆಯಿಂದ ಬಂದ ವೆಸ್ಟ್ ಇಂಡೀಸಿನ ಸಕ್ಕರೆಯನ್ನು 1791ರ ಸುಮಾರಿಗೆ ಇಂಗ್ಲೆಂಡಿನ ಅಸಂಖ್ಯ ಮನೆಗಳವರು ತ್ಯಜಿಸಿದ್ದುಂಟು. ಮುಂದೆ ಕೆಲವರು ಸಕ್ಕರೆಯ ಬಟ್ಟಲಿನ ಮೇಲೆಯೇ, ಇದು ಗುಲಾಮರು ಮಾಡಿದುದಲ್ಲ, ಈಸ್ಟ್ ಇಂಡಿಯಾದ ಸಕ್ಕರೆಯೆಂದು ಬರೆಯಿಸುತ್ತಿದ್ದರು. ಆ ಈಸ್ಟ್ ಇಂಡಿಯಾ ಎಂದರೆ ನಮ್ಮ ದೇಶವೇ. ಇಲ್ಲಿ ಕುಂಪಣಿಯ ಆಳಿಕೆಯಲ್ಲಿ ಕಬ್ಬು ಬೆಳೆದವನ ಪಾಡೇನೆಂಬುದನ್ನು ಮಾತ್ರ ಆ ಬಟ್ಟಲು ಕೇಳಲಿಲ್ಲ! ಇರಲಿ, ಕೊಳ್ಳುವವನಿಗೂ ಪಾಪಪುಣ್ಯಗಳ ಪಾಲುಂಟೆಂಬ ಅರಿವು ಅಲ್ಲಿ ಆಗಲೇ ಹುಟ್ಟಿತ್ತು.

ಗಾರ್‌ಸ್ಟಾಂಗಿನಲ್ಲಿ ಬ್ರೂಸ್ ಕ್ರೌದರ್ ಎಂಬ ಪಶುವೈದ್ಯರೂ ಅವರ ಸಂಗಡಿಗರೂ 1992ರಿಂದ ಈ ಕೆಲಸಕ್ಕೆ ತೊಡಗಿದ್ದರು. ಬಡದೇಶಗಳ ರೈತರಿಗೆ ನ್ಯಾಯವಾದ ಬೆಲೆ ಸಲ್ಲಿಸಿ ತರಿಸಿದ ಕಾಫಿ, ಚಹಾ, ಕೋಕೋಗಳನ್ನು ತಮ್ಮ ಊರಿನವರು ಕೊಳ್ಳುವಂತೆ ಮಾಡಬೇಕೆಂಬುದು ಅವರ ಹವಣು. ಹಲವು ವರ್ಷ ಒಬ್ಬೊಬ್ಬರಿಗೆ ಹೇಳಿದಾಗ ಫಲವು ಅಷ್ಟಕ್ಕಷ್ಟೇ. 2000ನೆಯ ಇಸವಿಯಲ್ಲಿ ಅವರು ಊರಿನ ವರ್ತಕರನ್ನೂ ಶಾಲೆಗಳ ಮುಖ್ಯಸ್ಥರನ್ನೂ ಚರ್ಚುಗಳ ಹಿರಿಯರನ್ನೂ ಒಂದು ಊಟಕ್ಕೆ ಕರೆದರು. ಎಲೆಯ ಮೇಲೆ ಎನ್ನೋಣ, ಅವರದು ತಟ್ಟೆ, ದೂರದ ರೈತನ ಪದಾರ್ಥವೂ ನೆರೆಯ ರೈತನ ಪದಾರ್ಥವೂ ಒಟ್ಟಿಗೆ ಬಡಿಸಲ್ಪಟ್ಟವು. ಆ ಕಾಲದಲ್ಲಿ ಸುತ್ತಲಿನ ಹೈನುಗಾರರಿಗೆ ಹಾಲಿನ ಬೆಲೆಯು ಖರ್ಚಿಗೂ ಗಿಟ್ಟುತ್ತಿರಲಿಲ್ಲ. ಆದುದರಿಂದ ಪರದೇಶದ ರೈತನ ಕಷ್ಟವು ಅವರಿಗೆ ಪರಕೀಯವಾಗಿ ತೋರಲಿಲ್ಲ. ಅದೇ ವರ್ಷದ ಏಪ್ರಿಲ್ ತಿಂಗಳಲ್ಲಿ ಬಹಿರಂಗ ಸಭೆ ಸೇರಿ, ನಮ್ಮದು ನ್ಯಾಯವ್ಯಾಪಾರದ ಊರು ಎಂದು ಕೈಯೆತ್ತಿ ನಿರ್ಣಯಿಸಿದರು. 2001ರಲ್ಲಿ ಫೇರ್‌ಟ್ರೇಡ್ ಫೌಂಡೇಶನ್ ಎಂಬ ಸಂಸ್ಥೆಯು ಇದನ್ನು ಮಾನ್ಯಮಾಡಿತು. 2008ರಲ್ಲಿ ಲಂಡನ್ ಮಹಾನಗರವೂ ಇದೇ ಹೆಸರನ್ನು ಪಡೆಯಿತು. ಮೂವತ್ತಕ್ಕೆ ಮಿಕ್ಕಿದ ದೇಶಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಊರುಗಳು ಈ ದಾರಿಯನ್ನು ಹಿಡಿದಿರುವುವು.

ಅವರು ಕೈಕೊಂಡ ನಿಯಮಗಳಾದರೂ ಏನು? ಮೊದಲನೆಯದಾಗಿ ಪುರಸಭೆಯೇ ನಿರ್ಣಯ ಮಾಡಿ ತನ್ನ ಸಭೆಗಳಲ್ಲಿ ಅಂಥ ಕಾಫಿ ಚಹಾಗಳನ್ನೇ ಕೊಡತಕ್ಕದ್ದು. ಅಂಗಡಿಗಳಲ್ಲಿಯೂ ಉಪಾಹಾರಗೃಹಗಳಲ್ಲಿಯೂ ಆ ಪದಾರ್ಥಗಳು ಸುಲಭವಾಗಿ ಸಿಕ್ಕತಕ್ಕದ್ದು. ಶಾಲೆ, ಕಚೇರಿ, ಧರ್ಮಸಂಸ್ಥೆಗಳು ಅವುಗಳನ್ನು ಬಳಸತಕ್ಕದ್ದು. ವೃತ್ತಪತ್ರಿಕೆಗಳ ಮೂಲಕ ಜನರಿಗೆ ತಿಳಿಸತಕ್ಕದ್ದು. ಇವೆಲ್ಲ ನಡೆಯುತ್ತಿರುವುವೋ ಇಲ್ಲವೋ ಎಂದು ನೋಡಲು ಒಂದು ಮಂಡಲಿ ಇರತಕ್ಕದ್ದು. ಕಡೆಯದೇ ನನಗೆ ಬಹಳ ಮೆಚ್ಚಿಕೆಯಾಯಿತು. ನಿರ್ಣಯ ಮಾಡುವುದರಲ್ಲಿ ನಾವೂ ಯಾರಿಗೂ ಕಡಿಮೆಯಲ್ಲ. ನಿರ್ಣಯದ ಬೆನ್ನು ಹತ್ತುವವರು ಮಾತ್ರ ನಮ್ಮಲ್ಲಿ ವಿರಳ. ಅವರಲ್ಲಿಯಾದರೋ ಕಾಲಕಾಲಕ್ಕೆ ಲೆಕ್ಕ ಒಪ್ಪಿಸದಿದ್ದರೆ ಊರಿನ ಹೆಸರೇ ಹೋಗುವುದು.

ಆ ಊರಿನವರು ಘಾನಾ ದೇಶದ ನ್ಯೂ ಕೊಫೊರಿಡುವಾ ಎಂಬ ಕೋಕೋ ಬೆಳೆಗಾರರ ಊರಿನೊಡನೆ ಸೋದರಸಂಬಂಧವನ್ನು ಬೆಳೆಸಿಕೊಂಡರು. ಘಾನಾದಲ್ಲಿ 1993ರಲ್ಲಿ ಕ್ವಾಪ ಕೋಕೂ ಎಂಬ ರೈತರ ಸಹಕಾರಸಂಘವು ಹುಟ್ಟಿತು. ಅದಕ್ಕೆ ಮುಂಚೆ ಕೋಕೋ ಕೊಳ್ಳುವವರು ತೂಕದಲ್ಲಿಯೇ ರೈತನನ್ನು ಮೋಸಗೊಳಿಸುತ್ತಿದ್ದರಂತೆ. ಸಂಘವು ಮಾಡಿದ ಕೆಲಸವು ಬಹಳ ಸರಳ: ತೂಗುವವನನ್ನು ಹಳ್ಳಿಯ ಬೆಳೆಗಾರರೇ ಆರಿಸತಕ್ಕದ್ದೆಂದು ಏರ್ಪಡಿಸಿತು. ಸಹಕಾರದ ಈ ತತ್ತ್ವವು ನಮಗೆ ಹೊಸದಲ್ಲ. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿಯೇ ಸಿದ್ಧನಗೌಡ ಪಾಟೀಲರು ಕೃಷಿ ಸಹಕಾರಸಂಘವನ್ನು ಸ್ಥಾಪಿಸಿದ್ದರು.

ಬೆಲೆಯ ಕ್ರಮವನ್ನೂ ಹೇಳಬೇಕು. 1988ರಲ್ಲಿ ಹಾಲೆಂಡಿನಲ್ಲಿ ಮೆಕ್ಸಿಕೋ ದೇಶದ ಬಡರೈತರ ಕಾಫಿಗೆ ಮೊದಲ ನ್ಯಾಯಮುದ್ರೆ ಬಿದ್ದಿತು. ಪೇಟೆಯ ಧಾರಣೆ ಎಷ್ಟೇ ಇಳಿದರೂ ಇದಕ್ಕಿಂತ ಕಡಿಮೆ ಕೊಡಕೂಡದೆಂಬ ಕನಿಷ್ಠ ಬೆಲೆಯೊಂದುಂಟು. ಧಾರಣೆ ಅದಕ್ಕಿಂತ ಏರಿದರೆ ಏರಿದ ಬೆಲೆಯನ್ನೇ ಕೊಡಬೇಕು. 2023ರಲ್ಲಿ ತೊಳೆದ ಅರೇಬಿಕಾ ಕಾಫಿಗೆ ಅದನ್ನು ಪೌಂಡಿಗೆ 1.80 ಡಾಲರಿಗೆ ಏರಿಸಿದರು. ಅದರ ಮೇಲೆ 20 ಸೆಂಟುಗಳನ್ನು ರೈತರ ಸಂಘಕ್ಕೆ ಪ್ರತ್ಯೇಕವಾಗಿ ಕೊಡುವರು. ಆ ಹಣದಿಂದ ಬಾವಿಯೋ ಶಾಲೆಯೋ ಎಂಬುದನ್ನು ರೈತರೇ ಕೂಡಿ ನಿಶ್ಚಯಿಸುವರು.

ಇಷ್ಟಾದರೂ ಮುದ್ರೆಯಿರುವ ಪೊಟ್ಟಣವನ್ನು ಕೊಂಡ ಮಾತ್ರಕ್ಕೆ ಕೃತಾರ್ಥರಾದೆವೆಂದು ತಿಳಿಯಲಾಗದು. ಅಂಥ ಸಂಘಗಳು ಅನೇಕವೇಳೆ ತಮ್ಮ ಬೆಳೆಯಲ್ಲಿ ಒಂದು ಭಾಗವನ್ನು ಮಾತ್ರ ಆ ಬೆಲೆಗೆ ಮಾರಬಲ್ಲವು. ಉಳಿದುದು ಸಾಮಾನ್ಯ ಪೇಟೆಗೇ ಹೋಗಬೇಕು. ಏಕೆಂದರೆ ನಿಶ್ಚಿತವಾಗಿ ಕೊಳ್ಳುವವರು ಸಾಲರು. ಆದುದರಿಂದಲೇ ಒಬ್ಬ ಸಜ್ಜನನ ಮರುಕಕ್ಕಿಂತ ಒಂದು ಊರಿನ ನಿಯಮವು ಹೆಚ್ಚು ಬಲವುಳ್ಳದ್ದೆಂದು ನಾನು ಹೇಳುವುದು. ಮರುಕವು ಒಂದು ದಿನ ಬಂದು ಮರುದಿನ ಮರೆಯುವುದು. ಸಂಸ್ಥೆಯ ಉಗ್ರಾಣಕ್ಕೆ ಪ್ರತಿ ತಿಂಗಳೂ ಸಾಮಾನು ಬೇಕೇ ಬೇಕು.

ಇದಕ್ಕೆ ನಮ್ಮ ಹುಬ್ಬಳ್ಳಿಯೇ ನಿದರ್ಶನ. ಅಲ್ಲಿಯ ಬೆಂಗೇರಿಯಲ್ಲಿ 1957ರಲ್ಲಿ ಸ್ಥಾಪಿತವಾದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ರಾಷ್ಟ್ರಧ್ವಜವನ್ನು ಸಿದ್ಧಪಡಿಸುವುದೆಂಬುದು ತಮಗೆ ತಿಳಿದೇ ಇದೆ. ಬಟ್ಟೆಯು ಬಾಗಲಕೋಟೆ ಕಡೆಯ ತುಳಸಿಗೇರಿಯದು. ಹೊಲಿಯುವ ಕೈಗಳು ಬಹುಮಟ್ಟಿಗೆ ಹೆಣ್ಣುಮಕ್ಕಳವು. ಧ್ವಜವು ಖಾದಿಯದೇ ಆಗಿರಬೇಕೆಂಬ ನಿಯಮವಿದ್ದಷ್ಟು ಕಾಲ ಕಚೇರಿಕಚೇರಿಯೂ ಶಾಲೆಶಾಲೆಯೂ ಖಾದಿಧ್ವಜವನ್ನೇ ಕೊಳ್ಳುತ್ತಿದ್ದವು. 2021ರ ಡಿಸೆಂಬರಿನಲ್ಲಿ ನಿಯಮವನ್ನು ತಿದ್ದಿ, ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಬಟ್ಟೆಗೂ ಅನುಮತಿ ಕೊಡಲಾಯಿತು. ಮರುವರ್ಷ ಸ್ವಾತಂತ್ರ್ಯದ 75ನೆಯ ಉತ್ಸವಕ್ಕೆ ಮನೆಮನೆಯ ಮೇಲೂ ಧ್ವಜವೇರಿತು. ಬೆಂಗೇರಿಯವರಾದರೋ ತಮ್ಮ ಧ್ವಜಕ್ಕೆ ಬೇಡಿಕೆ ಇಳಿಯಿತೆಂದು ಪ್ರತಿಭಟನೆಗೆ ಕುಳಿತರು. ಖಾದಿ ಕೊಳ್ಳಬಾರದೆಂದು ಯಾರೂ ಹೇಳಿರಲಿಲ್ಲ. ಕೊಳ್ಳಲೇಬೇಕೆಂಬ ಕಟ್ಟು ಸಡಿಲವಾಯಿತು, ಅಷ್ಟೇ. ಅಂಥ ಕಟ್ಟನ್ನು ಸರಕಾರವೇ ಹಾಕಬೇಕೆಂದೇನೂ ಇಲ್ಲ. ಒಂದು ಊರು ತನಗೆ ತಾನೇ ಹಾಕಿಕೊಳ್ಳಬಹುದು.

ವರ್ತಕ ಮಹನೀಯರು ಅಸಮಾಧಾನಪಡಬಾರದು. ಮಾಲನ್ನು ಕೂಡಿಹಾಕಿ, ಸಾಗಿಸಿ, ಮಳೆ ಇಲಿಗಳಿಂದ ಕಾಪಾಡುವವನಿಗೆ ಅವನ ಪಾಲು ಸಲ್ಲಲೇಬೇಕು. ನಾನು ಕೇಳುವುದು ಇಷ್ಟೇ: ರೈತನ ಕಣ್ಣೆದುರಿಗೆ ತೂಗಿರಿ, ಧಾರಣೆಯನ್ನು ಹಲಗೆಯ ಮೇಲೆ ಬರೆಯಿರಿ, ಉದ್ರಿ ಹೇಳಿ ಆರು ತಿಂಗಳು ಅಲೆದಾಡಿಸದೆ ರೋಖ ಕೊಡಿರಿ. ಮಠಕ್ಕೂ ಈ ನಿಯಮವು ಸಲ್ಲತಕ್ಕದ್ದು. ದಾಸೋಹದ ಬೆಲ್ಲ, ಬೇಳೆಗಳನ್ನು ಬೆಳೆಗಾರರ ಸಂಘದಿಂದಲೂ, ಸನ್ಮಾನದ ಶಾಲುಗಳನ್ನು ಕೈಮಗ್ಗದವರಿಂದಲೂ ವರ್ಷದ ಮೊದಲೇ ಬೆಲೆ ನಿಶ್ಚಯಿಸಿ ಕೊಳ್ಳಬಹುದು. ಇದೇ ವೇದಿಕೆಯಲ್ಲಿ ಹೊದಿಸಿದ ಶಾಲುಗಳು ಎಲ್ಲಿಂದ ಬಂದವೆಂದು ಬೆಳಿಗ್ಗೆ ವಿಚಾರಿಸಿದೆನು. ಯಾರೂ ಹೇಳಲಾರದೆ ಹೋದರು.

ಉತ್ಸವದ ಖರ್ಚಿನ ಪುಸ್ತಕವು ಭಂಡಾರದಲ್ಲಿದೆ. ಅದರಲ್ಲಿ ಪದಾರ್ಥ, ತೂಕ, ಕೊಟ್ಟ ಹಣ ಎಂಬ ಮೂರು ಅಂಕಣಗಳುಂಟು. ನಾಲ್ಕನೆಯ ಅಂಕಣವೊಂದನ್ನು ಎಳೆಸಿ, ಬೆಳೆದವನ, ನೇಯ್ದವನ ಕೈಗೆ ಅದರಲ್ಲಿ ಎಷ್ಟು ಸೇರಿತೆಂಬುದನ್ನು ವಿಚಾರಿಸಿ ಬರೆಯಿಸಿ, ಬರುವ ಶ್ರಾವಣಮಾಸದ ಸಭೆಯಲ್ಲಿ ಎಲ್ಲರ ಮುಂದೆ ಓದಿಸುವಂತೆ ಅಪ್ಪಣೆಯಾಗಬೇಕೆಂದು ಸನ್ನಿಧಿಯವರಲ್ಲಿ ವಿಜ್ಞಾಪಿಸಿಕೊಳ್ಳುವೆನು.