ಹಿರಿಯರ ಆಸ್ತಿಯಲ್ಲಿ ಯುವಜನರ ಪಾಲು

(ಯುವಜನರು ಮತ್ತು ಪೋಷಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)





ಹಿರಿಯರ ಸಾಂಪ್ರದಾಯಿಕ ವಿಚಾರಗಳಿಂದ ಇಂದಿನ ಯುವಜನಾಂಗಕ್ಕೆ ಏನು ಪ್ರಯೋಜನ ಎಂಬ ವಿಷಯವನ್ನು ಸಂಘಟಕರು ನಮಗೆ ವಹಿಸಿದ್ದಾರೆ. ಈ ವಿಷಯದ ಮೇಲೆ ಎರಡು ಬಗೆಯ ಭಾಷಣಗಳು ಸಾಮಾನ್ಯವಾಗಿ ಕೇಳಿಬರುತ್ತವೆ. ಹಿಂದಿನವರೆಲ್ಲ ಸಜ್ಜನರಾಗಿದ್ದರು, ಇಂದಿನ ಯುವಕರು ಮೊಬೈಲಿನಲ್ಲಿ ಮುಳುಗಿ ಕೆಟ್ಟುಹೋದರು ಎಂಬುದು ಒಂದು. ಹಿರಿಯರದ್ದೆಲ್ಲ ಅಜ್ಞಾನ, ಅದನ್ನು ಬಿಟ್ಟ ಹೊರತು ಪ್ರಗತಿಯಿಲ್ಲ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಹಿರಿಯರು ತಲೆದೂಗುತ್ತಾರೆ, ಎರಡನೆಯದಕ್ಕೆ ಕಿರಿಯರು. ಆದರೆ ಹಿರಿಯರ ವಿಚಾರಗಳಲ್ಲಿ ಯಾವುದು ಸರಿ, ಯಾವುದು ತಪ್ಪು ಎಂದು ಪರಿಶೀಲಿಸುವ ಶ್ರಮವನ್ನು ಇಬ್ಬರೂ ಮಾಡುವುದಿಲ್ಲ. ಇಂದು ಆ ಶ್ರಮವನ್ನು ಸ್ವಲ್ಪ ಮಾಡೋಣ.

ಕುರ್‌ಆನ್ ಈ ವಿಷಯದಲ್ಲಿ ಯಾವ ಪಕ್ಷವನ್ನೂ ಓಲೈಸುವುದಿಲ್ಲ. ತಂದೆ ತಾಯಿಯ ಮುಂದೆ ಬೇಸರದ ಒಂದು ಉದ್ಗಾರವನ್ನೂ ಆಡಬಾರದೆಂದು ಅದು ಮಕ್ಕಳಿಗೆ ಆಜ್ಞಾಪಿಸುತ್ತದೆ. ಅದೇ ಕುರ್‌ಆನ್, ನಮ್ಮ ಪೂರ್ವಿಕರು ಹೀಗೆ ನಡೆದರು, ಆದ್ದರಿಂದ ನಾವೂ ಹೀಗೆಯೇ ನಡೆಯುತ್ತೇವೆ ಎಂಬ ವಾದವನ್ನು ಖಂಡಿಸುತ್ತದೆ. ಪೂರ್ವಿಕರು ಸನ್ಮಾರ್ಗದಲ್ಲಿ ಇಲ್ಲದಿದ್ದರೂ ಅವರನ್ನೇ ಅನುಸರಿಸುವಿರಾ ಎಂದು ಪ್ರಶ್ನಿಸುತ್ತದೆ. ಪ್ರವಾದಿ ಇಬ್ರಾಹೀಮ್(ಅ) ತಮ್ಮ ತಂದೆಯ ವಿಗ್ರಹಾರಾಧನೆಯನ್ನು ಒಪ್ಪಲಿಲ್ಲ. ಆದರೆ ಸೂರಃ ಮರ್ಯಮ್‌ನ ಆ ಸಂವಾದದಲ್ಲಿ ಅವರು ನಾಲ್ಕು ಬಾರಿಯೂ ತಂದೆಯನ್ನು ಪ್ರೀತಿಯಿಂದ ಅಪ್ಪಾ ಎಂದೇ ಕರೆಯುತ್ತಾರೆ. ಗೌರವ ಮತ್ತು ಭಿನ್ನಾಭಿಪ್ರಾಯ ಒಂದೇ ಬಾಯಿಯಲ್ಲಿ ಇರಬಹುದೆಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ಕಾಲೇಜಿನ ಪಠ್ಯಗಳಲ್ಲಿ ಪರಂಪರೆ ಮತ್ತು ವಿಮರ್ಶೆಯನ್ನು ಒಂದಕ್ಕೊಂದು ವಿರುದ್ಧವಾಗಿ ನಿಲ್ಲಿಸುವುದನ್ನು ನಾವು ಓದಿದ್ದೇವೆ. ಮದ್ರಸದಲ್ಲಿ ಕಲಿತ ಹದೀಸ್ ಶಾಸ್ತ್ರ ಬೇರೆಯೇ ಮಾತು ಹೇಳುತ್ತದೆ. ಆ ಶಾಸ್ತ್ರ ನಿಂತಿರುವುದೇ ಹಿರಿಯರಿಂದ ಬಂದ ವರದಿಗಳ ಮೇಲೆ. ಆದರೂ ವರದಿಗಾರನ ಸತ್ಯಸಂಧತೆ, ನೆನಪಿನ ಶಕ್ತಿ, ಅವನು ಯಾರಿಂದ ಕೇಳಿದ ಎಂಬುದನ್ನೆಲ್ಲ ಪರೀಕ್ಷಿಸದೆ ವಿದ್ವಾಂಸರು ಒಂದು ಮಾತನ್ನೂ ಸ್ವೀಕರಿಸಲಿಲ್ಲ. ಮದೀನಾದ ಎಷ್ಟೋ ಮಂದಿ ವಯೋವೃದ್ಧ ಸಜ್ಜನರನ್ನು ಇಮಾಮ್ ಮಾಲಿಕ್(ರ) ಗೌರವಿಸುತ್ತಿದ್ದರು, ಆದರೆ ಅವರಿಗೆ ಆ ವಿದ್ಯೆಯಲ್ಲಿ ಪರಿಣತಿಯಿಲ್ಲವೆಂಬ ಕಾರಣಕ್ಕೆ ಅವರಿಂದ ಹದೀಸ್ ಸ್ವೀಕರಿಸುತ್ತಿರಲಿಲ್ಲ ಎಂದು ಗ್ರಂಥಗಳು ಹೇಳುತ್ತವೆ. ಹಿರಿಯರ ಮಾತನ್ನು ಪರೀಕ್ಷಿಸುವುದು ಅವರಿಗೆ ತೋರುವ ಅಗೌರವವಲ್ಲ.

ಇನ್ನು ನಮ್ಮ ವಾರಸು ನಿಯಮವನ್ನು ನೋಡಿರಿ. ಒಬ್ಬ ವ್ಯಕ್ತಿ ಮೃತನಾದ ತಕ್ಷಣ ಮಕ್ಕಳು ಆಸ್ತಿ ಹಂಚಿಕೊಳ್ಳುವಂತಿಲ್ಲ. ಮೊದಲು ಅಂತ್ಯಕ್ರಿಯೆಯ ಖರ್ಚು, ಬಳಿಕ ಅವನ ಸಾಲ, ಆಮೇಲೆ ಮೂರನೆಯ ಒಂದು ಭಾಗ ಮೀರದಂತೆ ಅವನ ವಸಿಯ್ಯತ್, ಕೊನೆಗೆ ವಾರಸುದಾರರ ಪಾಲು. ಹಿರಿಯರ ವಿಚಾರಗಳಿಗೂ ಈ ಕ್ರಮವೇ ಸೂಕ್ತವೆಂದು ನಮಗೆ ತೋರುತ್ತದೆ. ಅವರು ಆಸ್ತಿಯನ್ನೂ ಬಿಟ್ಟುಹೋಗಿದ್ದಾರೆ, ಸಾಲವನ್ನೂ ಬಿಟ್ಟುಹೋಗಿದ್ದಾರೆ. ಸಾಲವನ್ನು ತೀರಿಸುವ, ಆಸ್ತಿಯನ್ನು ಉಳಿಸುವ ಹೊಣೆ ಇಂದಿನವರದ್ದು. ದುರದೃಷ್ಟವಶಾತ್ ನಮ್ಮ ಪಟ್ಟಣಗಳಲ್ಲಿ ನಡೆಯುತ್ತಿರುವುದು ಇದಕ್ಕೆ ತದ್ವಿರುದ್ಧ. ನಾವು ಆಸ್ತಿಯನ್ನು ಕಳೆದುಕೊಂಡೆವು, ಸಾಲವನ್ನು ಬೆಳೆಸಿದೆವು. ಹಣದ ವಿಷಯವೊಂದನ್ನೇ ತೆಗೆದುಕೊಂಡು ಇದನ್ನು ವಿವರಿಸುತ್ತೇವೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತನ್ನು ಕೇಳದೆ ಬೆಳೆದವರು ಇಲ್ಲಿ ಯಾರೂ ಇರಲಾರರು. ಉರ್ದು ಮಾತನಾಡುವ ಮನೆಗಳಲ್ಲಿ ಹಾಸಿಗೆಯ ಬದಲು ಚಾದರ್ ಇತ್ತು, ಅಷ್ಟೇ ವ್ಯತ್ಯಾಸ. ಈ ಮಾತನ್ನು ಯುವಕರು ಜಿಪುಣರ ಉಪದೇಶವೆಂದು ಭಾವಿಸುತ್ತಾರೆ. ವಾಸ್ತವದಲ್ಲಿ ಇದರ ಹಿಂದೆ ಸಾಲದ ಕುರಿತಾದ ಒಂದು ಸ್ಪಷ್ಟ ತಿಳಿವಳಿಕೆ ಇತ್ತು. ಸಾಲ ಕಾಯಿಲೆಗೆ, ಹಸಿವಿಗೆ, ದುಡಿಮೆಯ ಸಾಧನಕ್ಕೆ ಇರಬೇಕು, ಪ್ರದರ್ಶನಕ್ಕೆ ಇರಬಾರದು. ಸಾಲ ಮಾಡಿದವನು ಮನೆಯವರಿಗೆ ತಿಳಿಸಬೇಕು. ಹೊತ್ತಿಗೆ ಸರಿಯಾಗಿ ತೀರಿಸಬೇಕು. ತಲೆಯ ಮೇಲೆ ಸಾಲವಿಟ್ಟುಕೊಂಡು ಸಾಯಬಾರದು.

ಈ ಕೊನೆಯ ಭಯ ಅವರಿಗೆ ಬಂದದ್ದು ಪ್ರವಾದಿ(ಸ)ರ ಬೋಧನೆಯಿಂದ. ಸಾಲ ಉಳಿಸಿ ಮೃತನಾದ ಒಬ್ಬನ ಜನಾಝ ಬಂದಾಗ, ನೀವೇ ನಮಾಝ್ ಮಾಡಿರಿ ಎಂದು ಪ್ರವಾದಿ(ಸ) ಸಂಗಾತಿಗಳಿಗೆ ಹೇಳಿದರು. ಅಬೂ ಕತಾದ(ರ) ಆ ಸಾಲದ ಹೊಣೆ ಹೊತ್ತ ಬಳಿಕವೇ ಅವರು ನಮಾಝ್‌ಗೆ ನೇತೃತ್ವ ನೀಡಿದರು. ಸಾಲದಿಂದ ಅಲ್ಲಾಹನ ಅಭಯವನ್ನು ಇಷ್ಟೊಂದು ಬೇಡುವುದೇಕೆಂದು ಕೇಳಿದಾಗ, ಸಾಲಗಾರನಾದವನು ಮಾತನಾಡಿದರೆ ಸುಳ್ಳಾಡುತ್ತಾನೆ, ಮಾತು ಕೊಟ್ಟರೆ ಮುರಿಯುತ್ತಾನೆ ಎಂಬರ್ಥದ ಉತ್ತರವನ್ನು ಪ್ರವಾದಿ(ಸ) ನೀಡಿದರು. ಸಾಲವು ಕಿಸೆಯನ್ನು ಖಾಲಿ ಮಾಡುವುದಕ್ಕೆ ಮೊದಲು ನಾಲಿಗೆಯನ್ನು ಕೆಡಿಸುತ್ತದೆ.

ಇನ್ನೊಂದು ಅಂಶ, ಬರೆದಿಡುವುದು. ಕುರ್‌ಆನಿನ ಅತಿ ದೀರ್ಘ ಸೂಕ್ತವಾದ ಅಲ್ ಬಕರಃ ಅಧ್ಯಾಯದ 282ನೆಯ ಸೂಕ್ತವು ಸಾಲವನ್ನು ಬರೆದಿಡುವ ಕುರಿತಾಗಿದೆ. ಮೊತ್ತ ಸಣ್ಣದಿರಲಿ ದೊಡ್ಡದಿರಲಿ ಬರೆಯಬೇಕು, ಸಾಕ್ಷಿಗಳಿರಬೇಕು, ಒಕ್ಕಣೆಯನ್ನು ಸಾಲ ಪಡೆಯುವವನೇ ಹೇಳಿ ಬರೆಸಬೇಕು ಎಂದು ಅದು ಆದೇಶಿಸುತ್ತದೆ. ತಾನು ಯಾವ ಹೊರೆ ಹೊರುತ್ತಿದ್ದೇನೆಂಬುದು ಅವನ ಬಾಯಿಂದಲೇ ಬರಬೇಕು, ಅವನಿಗೆ ತಿಳಿದಿರಬೇಕು.

ಯುವ ಮಿತ್ರರೇ, ಈಗ ನಿಮ್ಮ ಕೈಯಲ್ಲಿರುವ ಸಾಲದ ಆ್ಯಪ್‌ಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿರಿ. ಷರತ್ತುಗಳನ್ನು ಓದದೆ ಒಪ್ಪಿಗೆ ಎಂಬಲ್ಲಿ ಬೆರಳೊತ್ತಿದರೆ ಹಣ ಬರುತ್ತದೆ. ಸಾಕ್ಷಿಯಿಲ್ಲ, ಮನೆಯವರಿಗೆ ಸುಳಿವಿಲ್ಲ. ಉದಾಹರಣೆಗೆ, 5,000 ರೂಪಾಯಿಯ ಸಾಲದಲ್ಲಿ 1,500 ರೂಪಾಯಿಯನ್ನು ಶುಲ್ಕವೆಂದು ಮೊದಲೇ ಮುರಿದುಕೊಂಡು, 3,500 ಕೊಟ್ಟು, ವಾರದೊಳಗೆ 5,000 ಮರಳಿಸೆಂದರೆ, ಒಂದೇ ವಾರಕ್ಕೆ ಶೇ. 40ಕ್ಕೂ ಮಿಕ್ಕಿದ ಬಡ್ಡಿಯಾಯಿತು. ಒಂದನ್ನು ತೀರಿಸಲು ಇನ್ನೊಂದು ಆ್ಯಪ್, ಅದಕ್ಕೆ ಮತ್ತೊಂದು. ಕಂತು ತಪ್ಪಿದರೆ ಬಂಧುಮಿತ್ರರ ಮೊಬೈಲುಗಳಿಗೆ ಮಾನಹಾನಿಯ ಸಂದೇಶಗಳು. 2020ರ ಕೊನೆಯಲ್ಲಿ ತೆಲಂಗಾಣದಲ್ಲಿ ಇಂತಹ ಕಿರುಕುಳ ತಾಳಲಾರದೆ ಆತ್ಮಹತ್ಯೆ ಮಾಡಿಕೊಂಡ ಪ್ರಕರಣಗಳು ವರದಿಯಾದವು. ಸೆಪ್ಟೆಂಬರ್ 2022ರಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಮಾರ್ಗಸೂಚಿಯು, ಸಾಲದ ಆ್ಯಪ್‌ಗಳು ಗ್ರಾಹಕನ ಮೊಬೈಲಿನ ಸಂಪರ್ಕ ಪಟ್ಟಿಯನ್ನು ತೆಗೆದುಕೊಳ್ಳಬಾರದು, ಸಾಲದ ಒಟ್ಟು ವೆಚ್ಚವನ್ನು ಮೊದಲೇ ಲಿಖಿತವಾಗಿ ತಿಳಿಸಬೇಕು ಎಂದಿತು. ಬಲವಂತದ ವಸೂಲಿಯ ವಿರುದ್ಧ 2025ರಲ್ಲಿ ಕರ್ನಾಟಕ ಸರಕಾರ ಕಾನೂನು ತಂದಿತು. ಸಾಲದ ವಿವರ ಬರಹದಲ್ಲಿರಬೇಕು, ಸಾಲಗಾರನಿಗೆ ಅರ್ಥವಾಗಿರಬೇಕು, ಅವನ ಮಾನ ಕಳೆಯಬಾರದು: ಈ ಕಾನೂನುಗಳು ಹೇಳುತ್ತಿರುವುದು ನಿಮ್ಮ ದಾದಾ ನಾನಾಗಳು ಹೇಳುತ್ತಿದ್ದುದನ್ನೇ ಅಲ್ಲವೇ?

ಲಾಭ ಎಲ್ಲಿಂದ ಬರುತ್ತದೆ ಎಂದು ಕೇಳುವುದು ಹಿರಿಯರ ಇನ್ನೊಂದು ಅಭ್ಯಾಸ. ಸಣ್ಣ ವ್ಯಾಪಾರ ಮಾಡಿ ಬದುಕಿದವರಿಗೆ ಮಾರುಕಟ್ಟೆಯಲ್ಲಿ ಪ್ರತಿ ತಿಂಗಳೂ ಲಾಭವಾಗುವುದಿಲ್ಲ ಎಂಬುದು ತಿಳಿದಿತ್ತು. ಬೆಂಗಳೂರಿನ ಐ ಮಾನಿಟರಿ ಅಡ್ವೈಸರಿ ಎಂಬ ಸಂಸ್ಥೆ ಹಲಾಲ್ ಹೂಡಿಕೆಯ ಹೆಸರಿನಲ್ಲಿ ಠೇವಣಿ ಸಂಗ್ರಹಿಸಿ ಜೂನ್ 2019ರಲ್ಲಿ ಕುಸಿದು ಬಿದ್ದಾಗ, ಹಣ ಕಳೆದುಕೊಂಡ ಸಾವಿರಾರು ಮಂದಿಯಲ್ಲಿ ಹೆಚ್ಚಿನವರು ಮುಸ್ಲಿಮರಾಗಿದ್ದರು. ಮಗಳ ಮದುವೆಗೆಂದು, ಹಜ್ ಯಾತ್ರೆಗೆಂದು ಕೂಡಿಟ್ಟ ಹಣವೂ ಅದರಲ್ಲಿ ಸೇರಿತ್ತು. ಬಡ್ಡಿಯಲ್ಲ ಎಂಬ ಭರವಸೆ ಕೇಳಿ ಸಮಾಧಾನಗೊಂಡವರು, ಹಾಗಾದರೆ ಇದು ಯಾವ ವ್ಯಾಪಾರದ ಲಾಭ ಎಂದು ಕೇಳಲಿಲ್ಲ. ವ್ಯಾಪಾರದಲ್ಲಿ ಲಾಭದೊಂದಿಗೆ ನಷ್ಟದ ಪಾಲೂ ಇರುತ್ತದೆ ಎಂಬುದು ಹಳೆಯ ಕಾಲದ ಕಿರಾಣಿ ಅಂಗಡಿಯವನಿಗೂ ಗೊತ್ತಿದ್ದ ಫಿಕ್ಹ್. ಧರ್ಮದ ಭಾಷೆ ಕೇಳಿದ ತಕ್ಷಣ ಪರಿಶೀಲನೆ ಬಿಟ್ಟುಬಿಡುವುದು ಧರ್ಮನಿಷ್ಠೆಯಲ್ಲ.

ಉಳಿತಾಯದ ಕುರಿತೂ ಒಂದು ಮಾತು. ಅನ್ನಕ್ಕೆ ಅಕ್ಕಿ ಅಳೆಯುವಾಗ ಒಂದು ಹಿಡಿಯನ್ನು ಬೇರೆ ಪಾತ್ರೆಗೆ ಹಾಕಿಡುವ ಪದ್ಧತಿ ನಮ್ಮ ಅನೇಕ ಮನೆಗಳಲ್ಲಿತ್ತು. ಆ ಹಿಡಿ ಅಕ್ಕಿಯಿಂದ ಎಷ್ಟೋ ಮದ್ರಸಗಳು ನಡೆದವು. 1866ರಲ್ಲಿ ದೇವ್‌ಬಂದ್‌ನಲ್ಲಿ ದಾರುಲ್ ಉಲೂಮ್ ಸ್ಥಾಪಿಸಿದವರು, ಸರಕಾರ ಮತ್ತು ಶ್ರೀಮಂತರ ಆಶ್ರಯಕ್ಕಿಂತ ಜನಸಾಮಾನ್ಯರ ಸಣ್ಣ ದೇಣಿಗೆಯೇ ಸಂಸ್ಥೆಗೆ ಕ್ಷೇಮವೆಂಬ ನಿಯಮವನ್ನು ಬರೆದಿಟ್ಟರು. ಬೀಡಿ ಕಟ್ಟಿ ವಾರದ ಮಜೂರಿ ಪಡೆಯುತ್ತಿದ್ದ ಕರಾವಳಿಯ ತಾಯಂದಿರು ಅದರಲ್ಲೇ ಒಂದಿಷ್ಟು ತೆಗೆದಿಟ್ಟು ಮಕ್ಕಳ ಶಾಲೆಯ ಶುಲ್ಕ ಕಟ್ಟಿದ್ದಾರೆ. ಅವರಿಗೆ ಅರ್ಥಶಾಸ್ತ್ರ ತಿಳಿದಿರಲಿಲ್ಲವೆಂದು ಹೇಳುವ ಧೈರ್ಯ ನಮಗಿಲ್ಲ.

ಇಷ್ಟು ಆಸ್ತಿಯ ಮಾತಾಯಿತು. ಈಗ ಸಾಲದ ಮಾತು. ಹಿರಿಯರು ನಮ್ಮನ್ನು ಕ್ಷಮಿಸಬೇಕು, ಇದನ್ನೂ ಹೇಳದಿದ್ದರೆ ಈ ಭಾಷಣ ಪ್ರಾಮಾಣಿಕವಾಗುವುದಿಲ್ಲ.

ಇದೇ ಹಿರಿಯರು ವರದಕ್ಷಿಣೆಯನ್ನೂ ಸಂಪ್ರದಾಯವೆಂದು ಬಿಟ್ಟುಹೋಗಿದ್ದಾರೆ. ವರನು ವಧುವಿಗೆ ಮಹ್ರ್ ಕೊಡಬೇಕೆಂದು ಕುರ್‌ಆನ್ ಕಡ್ಡಾಯಗೊಳಿಸಿರುವಾಗ, ವಧುವಿನ ಮನೆಯಿಂದ ಹಣ, ಚಿನ್ನ ವಸೂಲಿ ಮಾಡುವ ಪದ್ಧತಿ ಬೆಳೆಯಿತು. 1961ರ ವರದಕ್ಷಿಣೆ ನಿಷೇಧ ಕಾಯ್ದೆಯೂ ಅದನ್ನು ತಡೆಯಲಿಲ್ಲ. ಮದುವೆಯಲ್ಲಿ ಕೊಟ್ಟಾಯಿತಲ್ಲ ಎಂಬ ನೆಪದಲ್ಲಿ ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಅಲ್ಲಾಹನು ನಿಗದಿಪಡಿಸಿದ ಪಾಲನ್ನು ಕೊಡದೆ ಇರುವ ರೂಢಿಯೂ ಬೆಳೆಯಿತು. ಸಹೋದರಿಯ ಪಾಲನ್ನು ಬಿಟ್ಟುಕೊಟ್ಟಂತೆ ಬರೆಸಿಕೊಳ್ಳುವುದು ಎಷ್ಟೋ ಮನೆಗಳಲ್ಲಿ ಸಜ್ಜನಿಕೆಯ ಲಕ್ಷಣವೆನಿಸಿದೆ. ಇದಕ್ಕೆಲ್ಲ ಆಧಾರ ಒಂದೇ: ಜನ ಏನೆಂದಾರು ಎಂಬ ಭಯ. ಸಾಲದ ಭಯ ಮತ್ತು ಜನರ ಭಯ, ಎರಡನ್ನೂ ಹಿರಿಯರೇ ಕಲಿಸಿದರು. ಯುವಜನರು ಮೊದಲನೆಯದನ್ನು ಬಿಟ್ಟರು, ಎರಡನೆಯದನ್ನು ಇಟ್ಟುಕೊಂಡರು. ಆಡಂಬರದ ಶಾದಿ ಮಹಲ್, ಹತ್ತಾರು ಬಗೆಯ ಭಕ್ಷ್ಯ, ವಿಡಿಯೋ ಚಿತ್ರೀಕರಣ, ಅದಕ್ಕೆಲ್ಲ ವೈಯಕ್ತಿಕ ಸಾಲ. ಇತರ ವಿಷಯಗಳಲ್ಲಿ ಹಿರಿಯರನ್ನು ಹಳಬರೆಂದು ಹೀಗಳೆಯುವ ವಿದ್ಯಾವಂತ ಯುವಕ, ವರದಕ್ಷಿಣೆಯ ವಿಷಯ ಬಂದಾಗ ಮಾತ್ರ ತಾಯಿ ತಂದೆಯ ಮಾತು ಮೀರಲಾರೆ ಎಂದು ವಿಧೇಯನಾಗುತ್ತಾನೆ. ಇಂತಹ ವಿಧೇಯತೆಯನ್ನು ಇಸ್ಲಾಮ್ ಕೇಳಿಲ್ಲ.

ಎಲ್ಲ ತಪ್ಪನ್ನೂ ಕುಟುಂಬಗಳ ಮೇಲೆ ಹೊರಿಸುವುದು ನ್ಯಾಯವಲ್ಲ. ಮುಸ್ಲಿಮರು ಹೆಚ್ಚಾಗಿರುವ ಕೆಲವು ಪ್ರದೇಶಗಳನ್ನು ಬ್ಯಾಂಕುಗಳು ನಕಾರಾತ್ಮಕ ವಲಯಗಳೆಂದು ಗುರುತಿಸಿ ಸಾಲ ಸೌಲಭ್ಯವನ್ನು ಸುಲಭವಾಗಿ ನೀಡುತ್ತಿಲ್ಲವೆಂದು 2006ರ ಸಾಚಾರ್ ಸಮಿತಿಯ ವರದಿ ದಾಖಲಿಸಿತು. ರಘುರಾಮ್ ರಾಜನ್ ನೇತೃತ್ವದ ಸಮಿತಿ 2008ರಲ್ಲಿ ಬಡ್ಡಿರಹಿತ ಬ್ಯಾಂಕಿಂಗ್‌ಗೆ ಶಿಫಾರಸು ಮಾಡಿದ್ದರೂ, 2017ರಲ್ಲಿ ರಿಸರ್ವ್ ಬ್ಯಾಂಕ್ ಆ ಪ್ರಸ್ತಾಪವನ್ನು ಕೈಬಿಟ್ಟಿತು. ಬ್ಯಾಂಕಿನ ಬಾಗಿಲು ಮುಚ್ಚಿದಾಗ ಬಡವನು ಬಡ್ಡಿ ವ್ಯಾಪಾರಿಯ ಬಾಗಿಲು ತಟ್ಟುತ್ತಾನೆ. ಈ ಪ್ರಶ್ನೆಯನ್ನು ಜನಪ್ರತಿನಿಧಿಗಳ ಮುಂದೆ ಎತ್ತುತ್ತಲೇ ಇರಬೇಕು.

ಆದರೆ ಜಮಾಅತ್‌ಗಳ ಕೈಯಲ್ಲಿರುವ ಕೆಲಸಕ್ಕೆ ಯಾರ ಅನುಮತಿಯೂ ಬೇಕಿಲ್ಲ. ಮುಸ್ಲಿಮರಿಗೆ ಆರ್ಥಿಕ ಬಲ ಬಂದ ಬಳಿಕ, ಸಾಲ ಉಳಿಸಿ ಮೃತರಾದವರ ಸಾಲವನ್ನು ತೀರಿಸುವ ಹೊಣೆ ತಮ್ಮದು, ಆಸ್ತಿ ಮಾತ್ರ ವಾರಸುದಾರರದ್ದು ಎಂದು ಪ್ರವಾದಿ(ಸ) ಘೋಷಿಸಿದರು. ಝಕಾತ್‌ನ ಎಂಟು ಹಕ್ಕುದಾರರಲ್ಲಿ ಸಾಲಗಾರರೂ ಒಬ್ಬರು. ಅಂದ ಮೇಲೆ ಪ್ರತಿ ಜಮಾಅತ್‌ನಲ್ಲೂ ಒಂದು ಬಡ್ಡಿರಹಿತ ಸಾಲ ನಿಧಿ ಏಕಿರಬಾರದು? ಹಿಡಿ ಅಕ್ಕಿಯಿಂದ ಮದ್ರಸ ನಡೆಸಿದವರ ಮೊಮ್ಮಕ್ಕಳಿಗೆ ಇದು ಅಸಾಧ್ಯವೇ? ಲೆಕ್ಕ ಬರೆಯಲು, ಕಂಪ್ಯೂಟರ್ ನಡೆಸಲು ಯುವಕರಿದ್ದಾರೆ. ಯಾರಿಗೆ ನಿಜವಾದ ಅಗತ್ಯವಿದೆ, ಯಾರ ಮಾತಿಗೆ ಬೆಲೆಯಿದೆ ಎಂದು ತಿಳಿಸಲು ಹಿರಿಯರಿದ್ದಾರೆ.

ಹಿರಿಯರಲ್ಲಿ ನಮ್ಮ ವಿನಂತಿ ಇಷ್ಟೇ: ಉಪದೇಶಿಸುವ ಮೊದಲು ಮಕ್ಕಳನ್ನು ಕೇಳಿಸಿಕೊಳ್ಳಿರಿ. ಮಗ ಸಾಲದಲ್ಲಿ ಸಿಲುಕಿದ್ದರೆ ಅವನು ಮೊದಲು ಬರಬೇಕಾದುದು ನಿಮ್ಮ ಬಳಿಗೆ. ಬೈಗುಳದ ಭಯದಿಂದ ಅವನು ಇನ್ನೊಂದು ಆ್ಯಪ್‌ನ ಬಳಿಗೆ ಹೋಗುವಂತಾಗಬಾರದು. ಸಂಕಷ್ಟದಲ್ಲಿರುವ ಸಾಲಗಾರನಿಗೆ ಕಾಲಾವಕಾಶ ಕೊಡಬೇಕೆಂದು ಕುರ್‌ಆನ್ ಪರರಿಗೇ ಹೇಳಿರುವಾಗ, ಸ್ವಂತ ಮಗನಿಗೆ ಒಂದು ಸಂಜೆಯ ಸಹನೆಯನ್ನಾದರೂ ಕೊಡಿರಿ.

ಯುವಜನರಲ್ಲಿ ನಮ್ಮ ವಿನಂತಿ: ಈ ವಾರ ನಿಮ್ಮ ಮನೆಯ ಹಿರಿಯರ ಬಳಿ ಕುಳಿತು, ಅವರು ಮೊದಲ ಸಾಲ ಯಾವಾಗ ಮಾಡಿದರು, ಹೇಗೆ ತೀರಿಸಿದರು ಎಂದು ಕೇಳಿರಿ. ನಿಮ್ಮ ತಲೆಯ ಮೇಲಿರುವ ಸಾಲವನ್ನು ಒಂದು ಕಾಗದದಲ್ಲಿ ಬರೆದು ಮನೆಯವರ ಮುಂದಿಡಿರಿ. ಮದುವೆಯಾಗಲಿರುವವರು ಮಹ್ರ್‌ನ ಲೆಕ್ಕವನ್ನು ಮಾತ್ರ ಮಾಡಿರಿ. ಸಹೋದರಿಯ ಪಾಲು ನಿಮ್ಮ ಮನೆಯಲ್ಲಿ ಬಾಕಿಯಿದ್ದರೆ, ತಂದೆಯ ಹೆಸರಿನಲ್ಲಿ ಮಾಡುವ ದಾನಕ್ಕಿಂತ ಮೊದಲು ಅದನ್ನು ತೀರಿಸಿರಿ. ಹಿರಿಯರಿಗೆ ನೀವು ಮಾಡಬಹುದಾದ ದೊಡ್ಡ ಉಪಕಾರ ಅದುವೇ.

ಹಿರಿಯರ ಒಳಿತನ್ನು ಉಳಿಸಿಕೊಳ್ಳುವ, ಅವರ ಬಾಕಿಯನ್ನು ತೀರಿಸುವ ಸಾಮರ್ಥ್ಯವನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್. ಅಸ್ಸಲಾಮು ಅಲೈಕುಮ್.